ಹೆತ್ತವಳ ಜಾಮೀನು

ಶ್ರೀ ಕೊಟ್ಟೂರು ಬಸವೇಶ್ವರ ಪ್ರಸನ್ನ

ದಾವಣಗೆರೆ
ಭಾನುವಾರ, ೧೪-೬-೧೯೯೮

ಚಿರಂಜೀವಿ ಸುಮಾಳಿಗೆ ಅತ್ತೆ ದ್ರಾಕ್ಷಾಯಣಮ್ಮ ಮಾಡುವ ಆಶೀರ್ವಾದ.

ಮೊಮ್ಮಗಳು ಅಂಕಿತಾಳಿಗೆ ನನ್ನ ಮುತ್ತು ಕೊಡು. ನಿಮ್ಮ ಅಪ್ಪಾಜಿ ಗುತ್ತೆಪ್ಪನವರಿಗೆ, ನಿಮ್ಮ ಅವ್ವನಿಗೆ ಶರಣು. ನಿನ್ನ ಅಣ್ಣ ಯೋಗರಾಜನಿಗೂ ಕೇಳಿದೆನೆಂದು ಹೇಳು, ಅವನು ಈ ಕಾಗದವನ್ನು ಒಡೆಯುವ ಮೊದಲೇ ಒಲೆಗೆ ಹಾಕದಿದ್ದರೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ಈ ಮನೆಯಲ್ಲಿ ಯಾರೂ ಕ್ಷೇಮವಾಗಿರಬಾರದು ಎಂದು ನಾನೇ ಹಟ ಹಿಡಿದು ಕೂತಿದ್ದೇನೆ.

ಮೂರು ತಿಂಗಳಾಯಿತು, ನಿನಗೆ ಒಂದು ಸಾಲು ಬರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯಲಿ? ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ "ತಲೆ ಸುತ್ತಿ ಬಂದು ರೊಟ್ಟಿ ಹಂಚಿನ ಮೇಲೆ ಕೈಯೂರಿ ಬಿದ್ಲು" ಎಂದವಳು ನಾನು. ಪೊಲೀಸರು ಬಂದು ಕೇಳಿದಾಗಲೂ ಅದನ್ನೇ ಹೇಳಿದೆ. ನೀನು ಬಲಗೈಗೆ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದೆ, ನನ್ನ ಮುಖವನ್ನೇ ನೋಡುತ್ತಿದ್ದೆ, ತುಟಿ ಬಿಚ್ಚಲಿಲ್ಲ. ಆಮೇಲೆ ಯೋಗರಾಜ ಸ್ಟೇಷನ್ನಿಗೆ ಹೋಗಿ, ಕೊಟ್ರೇಶನೇ ನಿನ್ನ ಕೈ ಹಿಡಿದು ಕಾದ ಹಂಚಿಗೆ ಒತ್ತಿದ ಎಂದು ಬರೆಸಿಕೊಟ್ಟ. ನನ್ನ ಮಗನನ್ನು ಒಯ್ದರು. ಇದಿಷ್ಟು ನಿನಗೆ ಗೊತ್ತಿರುವುದೇ. ನಿನಗೆ ಗೊತ್ತಿಲ್ಲದ್ದನ್ನು ಹೇಳಲು ಈಗ ಕೂತಿದ್ದೇನೆ.

ಹೌದು, ಅವನಿಗೆ ಜಾಮೀನು ನಿಂತವಳು ನಾನೇ. ನಿನ್ನ ಚಿಕ್ಕಮಾವ ಕಲ್ಲೇಶಪ್ಪ ದಿನಕ್ಕೆ ಮೂರು ಸಲ ಬಂದು ನನ್ನ ಕಿವಿ ತಿಂದ. "ಅತ್ತಿಗೆಮ್ಮಾ, ಬಾತಿ ಊರಾಗಿನ ಹೊಲ ನಿಮ್ಮ ಹೆಸರಿಗೆ ಐತೆ. ಪಹಣಿ ತಗಂಡು ಬರ್ರಿ ಸಾಕು. ಒಂದು ಸಹಿ ಹಾಕಿದ್ರೆ ಹುಡುಗ ಮನೇಗೆ ಬರ್ತಾನೆ. ಮಂಡಿಪೇಟೇಲಿ ನಾನು ತಲೆ ಎತ್ಕಂಡು ಓಡಾಡಾದು ಬ್ಯಾಡೇನು?" ಅವನಿಗೆ ತನ್ನ ತಲೆಯದೇ ಚಿಂತೆ. ನಿನ್ನ ಕೈ ಅವನಿಗೆ ನೆನಪಾದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಆದರೂ ಹೋದೆ ಸುಮಾ. ಹೊಟ್ಟೆಯಲ್ಲಿ ಹುಟ್ಟಿದವನು ಎಂಬ ಒಂದೇ ಕಾರಣಕ್ಕೆ ಹೋದೆ, ಸುಳ್ಳು ಹೇಳುವುದಿಲ್ಲ.

ಕೋರ್ಟಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಹಜೀರಾಬೀ ಎಂಬ ಹೆಂಗಸು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಾಳೆ. ಗಂಡ ಅಲ್ಲೇ ಕೂತು ಅರ್ಜಿ, ಮುಚ್ಚಳಿಕೆ ಬರೆಯುತ್ತಿದ್ದನಂತೆ. ಅವನು ತೀರಿಹೋದ ಮೇಲೆ ಅದೇ ಸ್ಟೂಲಿನ ಮೇಲೆ ಇವಳು ಕೂತಳು. ನನ್ನ ಮುಚ್ಚಳಿಕೆಯನ್ನು ಟೈಪ್ ಮಾಡಿದವಳು ಅವಳೇ. ಕಲ್ಲೇಶಪ್ಪ "ಬೇಗ ಸಹಿ ಹಾಕ್ರಿ" ಎಂದು ಅವಸರ ಮಾಡಿದರೆ ಅವಳು ಕಾಗದವನ್ನು ಕೈಯಿಂದ ಬಿಡಲಿಲ್ಲ. "ತಡೀರಿ ಸಾಹುಕಾರ್ರೆ, ಅಮ್ಮಾರಿಗೆ ಓದಿ ಹೇಳ್ತೀನಿ. ಕೇಳದೆ ಹೆಬ್ಬೆಟ್ಟು ಒತ್ತಿ ಆಮೇಲೆ ನನ್ನ ಮುಂದೆ ಬಂದು ಅಳೋರನ್ನ ಭಾಳ ನೋಡೀನಿ" ಎಂದಳು. ನಂಗೆ ಅವಳು ಅಲ್ಲೇ ಹಿಡಿಸಿಬಿಟ್ಟಳು.

ಓದಿ ಮುಗಿಸಿ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಜಾಮೀನು ಅಂದ್ರೆ ಬಿಡುಗಡೆ ಅಂತ ಎಲ್ರೂ ಅನ್ಕಂಡಾರೆ. ಬಿಡುಗಡೆ ಅಲ್ಲ ಅಮ್ಮಾ. ಇವನು ತಪ್ಪು ಮಾಡಿಲ್ಲ ಅಂತಾನೂ ಅಲ್ಲ. ಕೇಸು ಮುಗಿಯೋ ತನಕ ಆರೋಪೀನ ಜೈಲಿನೋರ ಕೈಯಿಂದ ತೆಗೆದು ನಿಮ್ಮ ಕೈಗೆ ಕೊಡ್ತಾರೆ. ಕರೆದ ದಿನ ಕರ್ಕಂಡು ಬಂದು ನಿಲ್ಲಿಸೋ ಹೊಣೆ ನಿಮ್ದು. ಇವತ್ತಿಂದ ಅವನು ನಿಮ್ಮ ಸುಪರ್ದು."

"ಹಂಗಾದ್ರೆ ಜೈಲರು ನಾನಾ?" ಎಂದೆ.

"ಹಂಗೇ ಅನ್ಕಳ್ರಿ" ಎಂದು ಅವಳು ನಕ್ಕಳು. ನಾನು ನಗಲಿಲ್ಲ. ಪೆನ್ನು ಇಸಕೊಂಡು ಸಹಿ ಹಾಕಿದೆ, ದ್ರಾಕ್ಷಾಯಣಮ್ಮ ಎಂದು ಪೂರ್ತಿ ಹೆಸರು ಬರೆದು.

ಷರತ್ತುಗಳನ್ನೂ ಹೇಳಿದಳು. ಪ್ರತಿ ಭಾನುವಾರ ಬೆಳಿಗ್ಗೆ ಅವನು ಸ್ಟೇಷನ್ನಿಗೆ ಹೋಗಿ ಸಹಿ ಮಾಡಬೇಕು. ನಿನ್ನ ತವರು ಹರಿಹರದ ಕಡೆ ಕಾಲಿಡಬಾರದು. ನಿನ್ನನ್ನಾಗಲಿ ಸಾಕ್ಷಿಗಳನ್ನಾಗಲಿ ನೋಡಬಾರದು, ಮಾತಾಡಿಸಬಾರದು. ನಾನು ನಿನಗೆ ಕಾಗದ ಬರೆಯಬಹುದೇ ಎಂದು ಕೇಳಿಕೊಂಡೇ ಬಂದಿದ್ದೇನೆ. ಷರತ್ತು ಅವನಿಗೆ, ನನಗಲ್ಲ. ಈಗ ಅವನು ಸಹಿ ಹಾಕಲು ಹೋಗಿದ್ದಾನೆ, ಆ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಅವನು ಮನೆಗೆ ಬಂದ ದಿನದ ಸಂಭ್ರಮ ನೀನು ನೋಡಬೇಕಿತ್ತು. ಕಲ್ಲೇಶಪ್ಪ ಹಾರ ಹಾಕಿಸಿ, ಮಂಡಿಪೇಟೆಯ ಅಂಗಡಿ ಅಂಗಡಿಗೂ ಪೇಡೆ ಹಂಚಿ, "ನಮ್ಮ ಹುಡುಗ ಗೆದ್ದು ಬಂದ, ಕೇಸು ಖುಲಾಸೆ ಆತು" ಎಂದು ಸಾರಿಕೊಂಡು ಬಂದ. ಜಾಮೀನಿಗೂ ಖುಲಾಸೆಗೂ ವ್ಯತ್ಯಾಸ ಗೊತ್ತಿಲ್ಲದ ಕತ್ತೆ! ಜನರೂ ಬಂದು ಕೊಟ್ರೇಶನ ಬೆನ್ನು ತಟ್ಟಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಚಹಾ ಕುಡಿದು ಹೋದರು. ಒಬ್ಬರಾದರೂ ನಿನ್ನ ಹೆಸರು ಎತ್ತಲಿಲ್ಲ. ಎಲ್ಲರೂ ಹೋದ ಮೇಲೆ ಕದ ಹಾಕಿ, ಚಿಲಕ ಜಡಿದು, ಅವನ ಮುಂದೆ ನಿಂತೆ.

"ಕೊಟ್ರೇಶ, ನೀನೀಗ ನನ್ನ ಕೈದಿ" ಎಂದೆ. ತಮಾಷೆ ಅನ್ಕೊಂಡು ನಕ್ಕ. ಮಂಚ ತೆಗೆಸಿದೆ. ಜೋಳದ ಚೀಲ ಇಡುವ ಕೋಣೆಯಲ್ಲಿ ಚಾಪೆ ಹಾಕಿಸಿದೆ. ಓಬವ್ವನಿಗೆ ಅಡುಗೆಮನೆ, ಅಂಗಳ, ನೀರಿನ ಕೆಲಸದಿಂದ ರಜಾ ಕೊಟ್ಟು, ಮಧ್ಯಾಹ್ನ ಬಂದು ನನ್ನ ಜೊತೆ ಕೂತು ಮಾತಾಡಿಕೊಂಡು ಹೋಗು, ಸಂಬಳ ಅಷ್ಟೇ ಕೊಡ್ತೀನಿ ಎಂದೆ. ಅವಳು ಕಣ್ಣು ಕಣ್ಣು ಬಿಟ್ಟಳು. ಮಾರನೆಯ ದಿನ ಬೆಳಗ್ಗೆ ನಾಲ್ಕೂವರೆಗೆ, ನೀನು ಏಳುತ್ತಿದ್ದ ಹೊತ್ತಿಗೆ, ಅವನನ್ನು ಎಬ್ಬಿಸಿ ಕೈಗೆ ಪೊರಕೆ ಕೊಟ್ಟೆ. ಅಂಗಳ ಗುಡಿಸಿದ, ನೀರು ಸೇದಿದ, ಒಲೆ ಹಚ್ಚಿದ. ಆಮೇಲೆ ಹಿಟ್ಟು ನಾದಿಸಿ ರೊಟ್ಟಿ ಬಡಿಯಲು ಕೂರಿಸಿದೆ. ನಮ್ಮ ಮನೆಗೂ ಕಲ್ಲೇಶಪ್ಪನ ಮನೆಗೂ ಸೇರಿ ಎಷ್ಟು ರೊಟ್ಟಿ ಬೇಕೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆರು ವರ್ಷ ಬಡಿದವಳು ನೀನು.

ಮೊದಲನೇ ರೊಟ್ಟಿ ಹಂಚಿಗೆ ಹಾಕುವಾಗ ಬೆರಳು ತಗುಲಿತು. "ಅವ್ವಾ, ಸುಡ್ತದ!" ಎಂದು ಕೈ ಒದರಿದ.

"ಹೌದೇನಪ್ಪ? ಸುಡ್ತದಾ?" ಎಂದೆ. ಅಷ್ಟೇ ಅಂದೆ. ಅವನು ನನ್ನ ಮುಖ ನೋಡಿ ತಲೆ ತಗ್ಗಿಸಿದ, ಎರಡನೇ ಉಂಡೆ ಹಿಡಿದ. ಅವತ್ತು ಮಧ್ಯಾಹ್ನ ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ತುಂಬ ಉಂಡೆ.

ನಾಲ್ಕನೇ ದಿನ ತಿರುಗಿ ಬಿದ್ದ. "ನಾನು ಗಂಡಸು, ಇವೆಲ್ಲ ಮಾಡಂಗಿಲ್ಲ" ಎಂದ. "ಹಜೀರಾಬೀ ಹತ್ರ ಹೋಗಿ ಬರ್ಲಾ? ಈ ಕೈದಿ ನಂಗೆ ಬ್ಯಾಡ ಅಂತ ಬರ್ಸಿ ಕೊಡ್ಲಾ?" ಎಂದೆ. ಜಾಮೀನು ನಿಂತವರು ಯಾವಾಗ ಬೇಕಾದರೂ "ನನ್ನ ಹೊಣೆ ಇಳಿಸಿ" ಎಂದು ಅರ್ಜಿ ಕೊಡಬಹುದಂತೆ. ಕೊಟ್ಟರೆ ಕೋರ್ಟು ವಾರಂಟು ಹೊರಡಿಸಿ ಹಿಡಿದು ತರಿಸುತ್ತದೆ. ಬೇರೆ ಜಾಮೀನುದಾರ ಸಿಗುವ ತನಕ ಒಳಗೇ. ಅದನ್ನೂ ಕೇಳಿಕೊಂಡೇ ಬಂದಿದ್ದೆ. ಅವನು ಚಿಕ್ಕಪ್ಪನ ಹತ್ತಿರ ದೂರು ಒಯ್ದ. ಕಲ್ಲೇಶಪ್ಪ ಬಂದು ಮೀಸೆಯಲ್ಲೇ ನಕ್ಕ. "ಅತ್ತಿಗೆಮ್ಮಾ, ಮಂಡೀಲಿ ಒಮ್ಮೆ ಜಾಮೀನು ನಿಂತೋರು ಹಿಂದೆ ಸರಿದದ್ದು ನಾನು ಕಂಡಿಲ್ಲ. ಬರೀ ಬಾಯಿ ಮಾತು ಕೊಟ್ರೇ ನಾವು ಹಿಂದೆ ಸರಿಯಾದಿಲ್ಲ. ನೀವು ನಮ್ಮ ಮನೆತನದೋರು, ಹೆತ್ತ ಮಗನಿಗೆ ನಿಂತು ಸರೀತೀರಾ?" ಎಂದ. ಮಂಡಿಯ ವ್ಯವಹಾರ ಹಾಗೇ ಇದೆ, ನಿಮ್ಮ ಮಾವನವರೂ ಹಾಗೇ ಬದುಕಿ ಹೋದರು. ಹಾಗಾಗಿ ನಾನು ಸರಿಯಲಾರೆ ಎಂದು ಇವರೆಲ್ಲ ನಂಬಿದ್ದಾರೆ. ನಂಬಲಿ.

ಕೈ ಹೇಗಿದೆ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತೇನೆ. ಬೆರಳು ಮಡಚಲು ಬರುತ್ತದೆಯೇ? ಎರಡು ಸಾಲು ಬರಿ.

ಇಂತಿ ನಿನ್ನ ಅತ್ತೆ,
ದ್ರಾಕ್ಷಾಯಣಮ್ಮ

ದಾವಣಗೆರೆ
ಬುಧವಾರ, ೨-೯-೧೯೯೮

ಸುಮಾಳಿಗೆ ಅತ್ತೆಯ ಆಶೀರ್ವಾದ.

ನೀನು ಬರೆಯಲಿಲ್ಲ. ಯೋಗರಾಜ ಸಂತೆಯಲ್ಲಿ ಓಬವ್ವನಿಗೆ ಸಿಕ್ಕು, "ಜಾಮೀನು ಕೊಟ್ಟೋರ ಕಾಗದಕ್ಕೆ ನಮ್ಮ ಮನೇಲಿ ಉತ್ತರ ಇಲ್ಲ ಅಂತ ಹೇಳು" ಎಂದನಂತೆ. ಸರಿಯಾಗಿಯೇ ಅಂದಿದ್ದಾನೆ. ನಾನು ಅವನ ಜಾಗದಲ್ಲಿ ಇದ್ದಿದ್ದರೆ ಇನ್ನೂ ನಾಲ್ಕು ಸೇರಿಸಿ ಅನ್ನುತ್ತಿದ್ದೆ. ಉತ್ತರ ಬೇಡ. ಓದಿಕೋ, ಸಾಕು.

ಗಣೇಶನ ಹಬ್ಬಕ್ಕೆ ಓಣಿಯ ಹೆಂಗಸರನ್ನೆಲ್ಲ ಊಟಕ್ಕೆ ಕರೆದೆ. ಬೇಕೆಂದೇ ಕರೆದೆ. ಕೊಟ್ರೇಶ ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಬೆವರು ಒರೆಸಿಕೊಳ್ಳುತ್ತ, ಬಿಸಿ ರೊಟ್ಟಿ ತಂದು ತಂದು ಬಡಿಸಿದ. ಮರಿಯವ್ವ ಗೊತ್ತಲ್ಲ, ಮೂಲೆ ಮನೆಯವಳು, ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಂಚು ದಪ್ಪ ಆಗೈತಲ್ಲೋ ತಮ್ಮಾ" ಎಂದಳು. ಅವನ ಕಿವಿ ಕೆಂಪಾಯಿತು. ಮಂಡಿಯಲ್ಲಿ ಈಗ ಅವನನ್ನು ಕಂಡರೆ "ರೊಟ್ಟಿ ಸಾಹುಕಾರ್ರು ಬಂದ್ರು" ಎನ್ನುತ್ತಾರಂತೆ. ಕೇಳಿ ನಂಗೆ ಹೊಟ್ಟೆಗೆ ಹಾಲು ಹುಯ್ದಂಗಾಯಿತು. ಇಂಥ ಮಾತು ತಾಯಿಯಾದವಳು ಬರೆಯಬಾರದು ಅಲ್ಲವೇ? ಬರೆಯುತ್ತೇನೆ. ನೀನು ಓದಿ ಒಂದು ಗಳಿಗೆಯಾದರೂ ನಗಬೇಕು.

ಕರುಳು ಒಮ್ಮೊಮ್ಮೆ ಮೋಸ ಮಾಡುತ್ತದೆ. ಹೋದ ವಾರ ಹಿಟ್ಟು ನಾದುವ ಕೊಣಿಗೆಯ ಮುಂದೆ ಕೂತಲ್ಲೇ ತೂಕಡಿಸಿದ. ಗಲ್ಲ ಒಳಗೆ ಹೋಗಿದೆ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೇ ಕಾಣುತ್ತಿದ್ದ. ಎಬ್ಬಿಸಿ ಚಾಪೆಯ ಮೇಲೆ ಮಲಗಿಸೋಣ ಎಂದು ಎದ್ದೆ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿದಾಗ ಕಂಡ ನಿನ್ನ ಕೈ ಕಣ್ಮುಂದೆ ಬಂತು. ಒಂದು ಚೊಂಬು ತಣ್ಣೀರು ತಂದು ಮುಖಕ್ಕೆ ಎರಚಿದೆ. ದಡಬಡಿಸಿ ಎದ್ದು ರೊಟ್ಟಿ ಬಡಿದ.

ಅವತ್ತೇ ಕೇಳಿದೆ. "ಯಾಕ ಹಂಗ ಮಾಡಿದ್ಯೋ? ಒಂದಿನನಾದ್ರೂ ಅಯ್ಯೋ ಅನ್ಸೇತೇನು ನಿಂಗೆ?" ಏನಂದ ಗೊತ್ತೇ? "ನಾನು ಸುಮ್ನೆ ಹೆದರ್ಸಾಕ ಹಿಡ್ದಿದ್ದೆ. ಅವಳೇ ಬಿಡಿಸ್ಕಳಾಕ ಹೋಗಿ ಜಾಸ್ತಿ ಸುಟ್ಕಂಡ್ಲು." ನಾಲ್ಕು ತಿಂಗಳು ಹಂಚಿನ ಮುಂದೆ ಕೂರಿಸಿದ್ದಕ್ಕೆ ಸಿಕ್ಕ ಫಲ ಇದು. ಅವನಿಗೆ ತನ್ನ ಬೆರಳಿನ ಉರಿ ಗೊತ್ತಾಗಿದೆಯೇ ಹೊರತು ನಿನ್ನದು ಗೊತ್ತಾಗಿಲ್ಲ.

ಈಗ ಮುಖ್ಯ ಮಾತು. ಕಲ್ಲೇಶಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಹರಿಹರಕ್ಕೆ ಬರುತ್ತಾನೆ. ರಾಜಿ ಎನ್ನುತ್ತಾನೆ. ಜನವರಿ ಹನ್ನೊಂದಕ್ಕೆ ನಿನ್ನ ಸಾಕ್ಷಿ ಇದೆಯಲ್ಲ, ಅವತ್ತು ಕಟಕಟೆಯಲ್ಲಿ ನಿಂತು "ನಮ್ಮತ್ತೆ ಹೇಳಿದಂಗೇ, ತಲೆ ಸುತ್ತಿ ಬಿದ್ದೆ" ಎಂದು ನೀನು ಹೇಳಬೇಕಂತೆ. ಹೇಳಿದರೆ ಕೇಸು ಬೀಳುತ್ತದೆ, ಅವನು ನಿನ್ನನ್ನು ಕರೆದುಕೊಂಡು ಬಂದು ಚೆನ್ನಾಗಿ ಬಾಳಿಸುತ್ತಾನಂತೆ. ನನ್ನ ಸುಳ್ಳನ್ನೇ ತಂದು ನಿನ್ನ ಬಾಯಿಗೆ ತುರುಕಲು ಬರುತ್ತಿದ್ದಾರೆ ನೋಡು. ನೀನು ಒಪ್ಪಬೇಡ. ಗುತ್ತೆಪ್ಪನವರು ಸಾಧು ಮನುಷ್ಯ, ಹಿರಿಯರು ಕೈ ಮುಗಿದರೆ ಕರಗಿಬಿಡುತ್ತಾರೆ. ಅವರನ್ನು ಹೊಲಕ್ಕೆ ಕಳಿಸಿ ಯೋಗರಾಜನನ್ನು ಬಾಗಿಲಲ್ಲಿ ಕೂರಿಸು. ಇಲ್ಲಿ ಕೈದಿಯನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ. ಅವನು ನಿನ್ನ ಹತ್ತಿರ ಸುಳಿಯಲಾರ, ಅದು ನನ್ನ ಮಾತು.

ಅಂಕಿತಾಳನ್ನು ಸ್ಕೂಲಿಗೆ ಹಾಕಿದಿರಂತೆ. ಒಳ್ಳೆಯದಾಯಿತು.

ಇಂತಿ,
ದ್ರಾಕ್ಷಾಯಣಮ್ಮ

ದಾವಣಗೆರೆ
ಶನಿವಾರ, ೨೧-೧೧-೧೯೯೮

ಚಿರಂಜೀವಿ ಸುಮಾಳಿಗೆ ಅನೇಕ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹನ್ನೆರಡು ದಿನ ಆಯಿತು. ತಕ್ಷಣ ಬರೆಯಲಿಲ್ಲ, ಕ್ಷಮಿಸು. ಕೆಲಸ ಮುಗಿಸಿಯೇ ಬರೆಯೋಣ ಎಂದು ತಡೆದೆ. ಎಡಗೈಯಲ್ಲಿ ಬರೆದಿದ್ದೀಯ, ಅಕ್ಷರ ಒಂದೊಂದೂ ಒಂದೊಂದು ಕಡೆ ಬಿದ್ದಿವೆ. ಮೊದಲು ಅಂಕಿತಾ ಬರೆದದ್ದು ಅನ್ಕೊಂಡೆ. ನಾಲ್ಕು ಸಾಲು ಓದಿ, ಮತ್ತೆ ಮೊದಲಿನಿಂದ ಓದಿದೆ.

"ಭಾನುವಾರ ಅವರು ಬಂದಿದ್ದರು. ಬೀದಿಯಲ್ಲಿ ಆಡುತ್ತಿದ್ದ ಅಂಕಿತಾಳಿಗೆ ಬಲೂನು ಕೊಟ್ಟು, ನಿಮ್ಮವ್ವನಿಗೆ ಇನ್ನೊಂದು ಕೈ ಐತೆ ಅಂತ ನೆನಪು ಮಾಡು ಎಂದು ಹೇಳಿ ಹೋದರು. ನಿಮ್ಮ ಸುಪರ್ದಿನಲ್ಲಿ ಇದ್ದವರು ಇಲ್ಲಿಗೆ ಹೇಗೆ ಬಂದರು ಅತ್ತೆ?"

ಹೇಗೆ ಬಂದನೆಂದು ಹೇಳುತ್ತೇನೆ. ನನ್ನ ಬುದ್ಧಿಗೆ ಮಂಕು ಬಡಿದಿತ್ತು, ಅದಕ್ಕೇ ಬಂದ. ಭಾನುವಾರ ಸಹಿ ಹಾಕಲು ಹೋದವನು ಹನ್ನೆರಡಕ್ಕೆ ಬರುತ್ತಿದ್ದ. ಸ್ಟೇಷನ್ನಿನಲ್ಲಿ ಸಾಹೇಬರು ಕಾಯಿಸಿದರು ಎನ್ನುತ್ತಿದ್ದ, ನಾನು ನಂಬುತ್ತಿದ್ದೆ. ಒಂಬತ್ತಕ್ಕೆ ಸಹಿ ಹಾಕಿ ಬಸ್ಸು ಹತ್ತಿದರೆ ಹರಿಹರ ಎಷ್ಟು ದೂರ? ಹೋಗಿ, ಐದು ವರ್ಷದ ತನ್ನ ಮಗಳ ಕೈಯಲ್ಲಿ ಆ ಮಾತು ಕಳಿಸಿ, ರೊಟ್ಟಿ ಬಡಿಯುವ ಹೊತ್ತಿಗೆ ಏನೂ ಅರಿಯದವನಂತೆ ಬಂದು ಕೂತಿದ್ದಾನೆ. ಅವತ್ತು ಅವನು ಬಡಿದ ರೊಟ್ಟಿ ನಾನು ಉಂಡಿದ್ದೇನೆ ಸುಮಾ. ಥೂ!

ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಸೀದಾ ಹೊಂಗೆ ಮರದ ಕೆಳಗೆ ಹೋದೆ. ಹಜೀರಾಬೀ ಓದಿದಳು. ಕನ್ನಡಕ ತೆಗೆದು ಒರೆಸಿದಳು. "ಅಮ್ಮಾರೆ, ಈಗ ಏನ್ ಮಾಡಣ?" ಎಂದಳು. "ನನ್ನ ಹೊಣೆ ಇಳಿಸ್ರಿ ಅಂತ ಹೊಡಿ" ಎಂದೆ. ಇನ್ನೊಂದು ಸಲ ಯೋಚನೆ ಮಾಡ್ರಿ ಎಂದು ಅವಳು ಅನ್ನಲಿಲ್ಲ. ಹಾಳೆ ಏರಿಸಿ ಟಕಟಕನೆ ಹೊಡೆದಳು. ನಿನ್ನ ಕಾಗದವನ್ನು ಸರ್ಕಾರಿ ವಕೀಲರಿಗೆ ಮುಟ್ಟಿಸಿದ್ದೂ ಅವಳೇ. ಜಾಮೀನುದಾರಳು ಸರಿದರೆ ಅವನು ಬೇರೆಯವರನ್ನು ತಂದು ಮತ್ತೆ ಹೊರಗೆ ಬಂದಾನು. ಷರತ್ತು ಮುರಿದು ಸಾಕ್ಷಿಯನ್ನು ಹೆದರಿಸಿದ್ದಾನೆ ಎಂದು ಸರ್ಕಾರದ ಕಡೆಯಿಂದ ಅರ್ಜಿ ಬಿದ್ದರೆ ಜಾಮೀನೇ ರದ್ದಾಗುತ್ತದೆ. ಎರಡೂ ಒಟ್ಟಿಗೇ ಹೋಗಲಿ ಎಂದಳು ಆ ಪುಣ್ಯಾತ್ಗಿತ್ತಿ.

ಜಡ್ಜ್ ಸಾಹೇಬರು ನನ್ನನ್ನು ನಿಲ್ಲಿಸಿ ಕೇಳಿದರು. "ತಾಯಿ ನೀವು. ಯಾಕಮ್ಮ ಹಿಂದೆ ಸರೀತೀರಿ?"

"ಸ್ವಾಮಿ, ಕಾಯೋಕೆ ಅಂತ ನನ್ನ ಕೈಗೆ ಕೊಟ್ರಿ. ನನ್ನ ಕೈಲಿ ಆಗಲಿಲ್ಲ. ಈಗ ನೀವೇ ಕಾಯ್ರಿ" ಎಂದೆ. ಅವರು ಅದನ್ನು ಹಾಗೇ ಬರೆದುಕೊಂಡರು.

ಬುಧವಾರ ಮಧ್ಯಾಹ್ನ ವಾರಂಟು ಹಿಡಿದು ಇಬ್ಬರು ಪೊಲೀಸರು ಮನೆಗೆ ಬಂದಾಗ ಅವನು ಉಣ್ಣಲು ಕೂತಿದ್ದ. ಬಂದವರು ಒಳ್ಳೆಯವರು. "ಉಂಡು ಮುಗಿಸ್ಲಿ ಬಿಡ್ರಿ ಅಮ್ಮಾ, ನಾವು ಕಟ್ಟೆ ಮೇಲೆ ಕೂತಿರ್ತೀವಿ" ಎಂದರು. ಕೊಟ್ರೇಶ ರೊಟ್ಟಿ ಕೈಯಲ್ಲಿ ಹಿಡಿದೇ ನನ್ನ ಮುಖ ನೋಡಿದ. ನಾನು ಬಗ್ಗಿ ಅವನ ಮುಂದಿನ ತಾಟು ಎತ್ತಿದೆ. "ಒಳಗೆ ಕೊಡ್ತಾರೆ, ನಡಿ" ಎಂದೆ.

"ಅವ್ವಾ, ನೀನೇನಾ?" ಎಂದ.

"ನಾನೇ" ಎಂದೆ. ಸುಮಾ, ಈ ಒಂದು ಮಾತು ಹೇಳಲು ಆರು ತಿಂಗಳಿಂದ ಹಲ್ಲು ಕಚ್ಚಿಕೊಂಡು ಕಾದಿದ್ದೆ ಅನ್ನಿಸಿತು. ಅವನು ಕಾಲಿಗೆ ಬಿದ್ದ. ಹಿಂದೆ ಸರಿದು ನಿಂತೆ. ಅವನ ಕೈ ನನ್ನ ಸೀರೆಯ ಅಂಚಿಗೂ ತಾಕಲಿಲ್ಲ. ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಮಂಡಿಯ ದಾರಿಯಲ್ಲೇ ನಡೆಸಿಕೊಂಡು ಹೋಗ್ರಿ ಎಂದು ನಾನೇ ಪೊಲೀಸರಿಗೆ ಹೇಳಿದೆ. ಹಾಗೇ ಹೋದರು.

ಕಲ್ಲೇಶಪ್ಪ ಓಡಿ ಬಂದ. ಚಪ್ಪಲಿ ಹಾಕಿಕೊಂಡೇ ನಡುಮನೆಗೆ ನುಗ್ಗಿದ. "ಹೆತ್ತ ತಾಯೇನು ನೀವು? ನಾಳೆ ಮಂಡೀಲಿ ಯಾವನಾದ್ರೂ ನಮ್ಮ ಮಾತು ನಂಬ್ತಾನಾ? ಜಾಮೀನು ನಿಂತು ಸರಿದ ಮನೆ ಅಂತ ನಮ್ಮ ಹೆಸರು ಹಾಳಾಗಿ ಹೋಯ್ತು!" ಎಂದು ಕೂಗಾಡಿದ. "ಸೊಸೆ ಕೈ ಸುಟ್ಟ ಮನೆ ಅಂತ ಆಗ್ಲೇ ಹಾಳಾಗೈತೆ, ಅದಕ್ಕೆ ನೀವ್ಯಾರೂ ಕೂಗಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಮಾತಾಡು" ಎಂದೆ. ಹೊಸ ಜಾಮೀನಿಗೆ ಬೇರೆಯವರ ಪಹಣಿ ಹುಡುಕಿಕೊಂಡು ಎರಡು ದಿನ ಅಲೆದ. ಪೇಡೆ ತಿಂದವರಲ್ಲಿ ಒಬ್ಬನೂ ಹೊಲದ ಕಾಗದ ಹೊರಗೆ ತೆಗೆಯಲಿಲ್ಲ. ತೆಗೆದಿದ್ದರೂ ನಡೆಯುತ್ತಿರಲಿಲ್ಲ, ನಿನ್ನೆ ಸಂಜೆ ಜಾಮೀನು ರದ್ದು ಎಂದು ಆರ್ಡರು ಆಯಿತು. ಹಜೀರಾಬೀ ತಾನೇ ನಡೆದುಕೊಂಡು ಬಂದು ಹೇಳಿ, ಚಹಾ ಕುಡಿದು ಹೋದಳು.

ಆದ್ದರಿಂದ ಈಗ ನೀನು ಧೈರ್ಯವಾಗಿ ಉಸಿರಾಡು. ಅಂಕಿತಾಳನ್ನು ಬೀದಿಗೆ ಆಡಲು ಬಿಡು. ಜನವರಿ ಹನ್ನೊಂದಕ್ಕೆ ಕಟಕಟೆ ಹತ್ತುವಾಗ ಅವನು ಪೊಲೀಸರ ನಡುವೆ ನಿಂತಿರುತ್ತಾನೆ. ಅವನ ಮುಖ ನೋಡಿಯೇ ಹೇಳು. ಬಲಗೈ ಮೇಲೆತ್ತಿ ಜಡ್ಜರಿಗೆ ತೋರಿಸು. ನಾಚಿಕೆ ಪಡಬೇಡ.

ಬಾತಿ ಹೊಲವನ್ನು ಅಂಕಿತಾಳ ಹೆಸರಿಗೆ ಮಾಡಿಸಲು ಹೇಳಿದ್ದೇನೆ. ಇನ್ನು ಆ ಪಹಣಿ ಹಿಡಿದು ಯಾರಿಗೂ ಯಾರೂ ಜಾಮೀನು ನಿಲ್ಲುವಂತಿಲ್ಲ. ನಿನಗೆ ಒಳ್ಳೆಯದಾಗಲಿ. ಬೆರಳು ಒಂದೊಂದಾಗಿ ಬಿಚ್ಚಿಕೊಳ್ಳಲಿ. ಅಂಕಿತಾ ನೂರು ವರ್ಷ ಬಾಳಲಿ, ಯಾರ ಮನೆಯ ಹಂಚಿನ ಮುಂದೆಯೂ ತಲೆ ತಗ್ಗಿಸಿ ಕೂರದಿರಲಿ.

ಇಂತಿ ನಿನ್ನ
ದ್ರಾಕ್ಷಾಯಣಮ್ಮ

ತಾ.ಕ.: ಇಷ್ಟು ಬರೆದು ಸಹಿ ಹಾಕಿ ಮಡಚಿಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ.

ನಿನ್ನ ಕೈ ಸುಟ್ಟ ದಿನ ನಾನು ದೇವರ ಕೋಣೆಯಲ್ಲಿದ್ದೆ, ಪೂಜೆಯ ಗಂಟೆಯ ಸದ್ದಿಗೆ ನಿನ್ನ ಕೂಗು ನಂಗೆ ಕೇಳಿಸಲಿಲ್ಲ ಎಂದು ನೀನು ಅನ್ಕೊಂಡಿದ್ದೀಯ. ನಾನೇ ಹಾಗೆ ಹೇಳಿದ್ದೆ. ಸುಳ್ಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಿನ್ನ ಬೆನ್ನು ನನ್ನ ಕಡೆಗಿತ್ತು. ಅವನಿಗೆ ನಾನು ಕಾಣುತ್ತಿದ್ದೆ. ಒಮ್ಮೆ ನನ್ನ ಕಡೆ ನೋಡಿದ ಕೂಡ. ನಾನು ಬೇಡ ಅನ್ನಲಿಲ್ಲ.

ಹಿಂದಿನ ದಿನ ನೆಂಟರ ಮುಂದೆ ನೀನು ನಗುತ್ತ "ದಪ್ಪ ರೊಟ್ಟಿ ನಂದಲ್ಲ, ಅತ್ತೇದು" ಅಂದೆಯಲ್ಲ, ಎಲ್ಲರೂ ನಕ್ಕರು. ನೀನು ಮರೆತೇ ಹೋಗಿರುತ್ತೀಯ. ನಾನು ರಾತ್ರಿಯೆಲ್ಲ ಅದನ್ನೇ ಕುದಿಸಿದೆ. ಬೆಳಗ್ಗೆ ಎದ್ದು ಅವನಿಗೆ ಹೇಳಿದೆ: "ಹೆಂಡ್ತಿಗೆ ಬುದ್ಧಿ ಕಲಿಸೋ ತಾಕತ್ತು ಇಲ್ದಿದ್ರೆ ನನ್ನ ಮುಂದೆ ಉಣ್ಣಾಕ ಕೂಡ್ರಬ್ಯಾಡ." ಹತ್ತು ನಿಮಿಷಕ್ಕೆ ಅವನು ಅಡುಗೆಮನೆಗೆ ಹೋದ. ನಾನೂ ಹಿಂದೆಯೇ ಹೋದೆ, ನೋಡಲು. ನೀನು ಕೂಗಿದ್ದು ಅವ್ವಾ ಅಂತ ಅಲ್ಲ. ಅತ್ತೇ, ಅತ್ತೇ ಅಂತ ಕೂಗಿದೆ.

ಇದನ್ನು ಅವನು ಇವತ್ತಿನವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ತಾಟು ಎತ್ತಿದಾಗಲೂ ಹೇಳಲಿಲ್ಲ.

ಸೋಮವಾರ ಹಜೀರಾಬೀ ಹತ್ತಿರ ಹೋಗಿ ಇದನ್ನೆಲ್ಲ ಟೈಪ್ ಮಾಡಿಸುತ್ತೇನೆ. ನಿನ್ನೆ ಚಹಾ ಕುಡಿಯುವಾಗ ಅವಳಿಗೆ ಹೇಳಿದೆ. ಕಪ್ಪು ಕೆಳಗಿಟ್ಟು, "ಅಮ್ಮಾರೆ, ಹಿಂಗ್ ಹೇಳಿದ್ರೆ ನೀವೇ ಎರಡನೇ ಆರೋಪಿ ಆಗ್ತೀರಿ" ಎಂದಳು. ಆಗುತ್ತೇನೆ. ನನ್ನನ್ನು ಒಯ್ದ ದಿನ ಮನೆತನದ ಮರ್ಯಾದೆಗೆಂದು ಕಲ್ಲೇಶಪ್ಪ ಯಾರದಾದರೂ ಪಹಣಿ ಹಿಡಿದುಕೊಂಡು ಬಂದೇ ಬರುತ್ತಾನೆ. ವಯಸ್ಸಾದವಳು, ಹೆಂಗಸು ಎಂದು ಜಡ್ಜರಿಗೂ ಕನಿಕರ ಬಂದೀತು. ಅವತ್ತು ನೀನು ಸರ್ಕಾರಿ ವಕೀಲರ ಪಕ್ಕ ನಿಂತು, ಈ ಮುದುಕಿಗೆ ಜಾಮೀನು ಕೊಡಬ್ಯಾಡ್ರಿ ಅಂತ ಹೇಳು. ಬೇರೆ ಯಾರೂ ಅಲ್ಲ, ನೀನೇ ಹೇಳಬೇಕು.